ದಾಲ್‌ಮಿಲ್ಲಿನ ಹಿಂದ

ಬ್ಯಾಂಡ್ ಅಂದ್ರ ನಮ್ಮ ಕಲಬುರಗ್ಯಾಗ
ಕೆಂಪು ಕೋಟು, ತುತ್ತೂರಿ, ಕುದುರಿ ಮುಂದ ಕುಣಿಯೋ ಮಂದಿ.
ಹಂಗಾಗಿ ಪೋಸ್ಟರ್ ಹಚ್ಚಿದ ಮರುದಿನಾನೇ ಫೋನು:
‘ಲಗ್ನಕ್ಕ ಎಷ್ಟು ತಗೋತೀರಿ? ಕುದುರಿ ನಿಮ್ಮದೋ ನಮ್ಮದೋ?’

ಖದೀರನ ಡ್ರಮ್ಮು ಖರೇನೇ ಅಂಥಾದ್ದು.
ಅವರಪ್ಪನ ಬ್ಯಾಂಡ್ ಕಂಪನಿ ಮುಚ್ಚಿದಾಗ ಉಳಿದದ್ದು,
ಮೈಮ್ಯಾಲ ಅರ್ಧ ಅಳಿಸಿದ ಉರ್ದು ಅಕ್ಷರ, ಹಳೇ ಫೋನ್ ನಂಬರು.
ವಿಮಲಾ ಸುಂದರರಾಜಳ ಗಿಟಾರು ಚರ್ಚಿನಿಂದ ಬಂತು,
ತಿರುಗಿ ಹೋಗಲಿಲ್ಲ.
ಬಸಲಿಂಗ ಹಾಡಾವ. ಹಾಡಾವ ಅನ್ನೂದಕ್ಕಿಂತ
ತಪ್ಪಿದ ಬಸ್ಸಿನ ಹಿಂದ ಓಡ್ಕೋತ ಕೂಗಾವ.
ನಾ ಬೇಸು:
ಇದ್ದಾಗ ಯಾರಿಗೂ ಕೇಳಿಸದ,
ನಿಂತಾಗ ಎಲ್ಲಾರೂ ಹೊಳ್ಳಿ ನೋಡುವ ಸಪ್ಪಳ.

ಗಂಜಿನ್ಯಾಗ ದಾಲ್‌ಮಿಲ್ಲಿನ ಹಿಂದಿನ ಖೋಲಿ.
ತೊಗರಿ ಹೊಟ್ಟು ಕೇಬಲ್ಲಿನ ಬಾಯಾಗ, ನಮ್ಮ ಮೂಗಿನ್ಯಾಗ,
ಕಡೀಕ ಹಾಡಿನ್ಯಾಗೂ.
ಗ್ವಾಡಿ ಆಚಿ ಮಷಿನ್ನು ಹಗಲು ರಾತ್ರಿ ಧಡ್ ಧಡ್.
ನಾವೆಷ್ಟು ಜೋರು ಬಾರಿಸಿದ್ರೂ ಬೈಯೋರಿಲ್ಲ,
ಮಿಲ್ಲೇ ನಮಗಿಂತ ಜೋರು.

ಇಂಜಿನಿಯರಿಂಗ್ ಕಾಲೇಜಿನ ಗ್ಯಾದರಿಂಗಿನ್ಯಾಗ
ಎರಡನೇ ಹಾಡಿಗೇ ಕರೆಂಟು ಹೋತು.
ಬಸಲಿಂಗ ನಿಲ್ಲಿಸಲಿಲ್ಲ. ಖದೀರನೂ.
ಕತ್ತಲ್ಯಾಗ ಏಳುನೂರು ಹುಡುಗರು
ಶಹಾಬಾದಿ ಕಲ್ಲಿನ ನೆಲಕ್ಕ ಕಾಲು ಬಡದ್ರು.
ಆಮ್ಯಾಲ ಬೀದರ, ರಾಯಚೂರು,
ಹೈದರಾಬಾದಿನ ಒಂದು ನೆಲಮಾಳಿಗೆ: ಪಗಾರ ಬಿರ್ಯಾನಿ.
ಎಲ್ಲಿ ಹೋದ್ರೂ ಮಂದಿ ಕೇಳಿದ್ದು ಆ ಕತ್ತಲದ ಸುದ್ದಿ,
ಹಾಡಿಂದಲ್ಲ.
ನಾಲ್ವರೂ ರೊಕ್ಕ ಕೂಡಿಸಿ ಒಂದು ಆಂಪ್ ಕೊಂಡ್ವಿ.
ಹಚ್ಚಿದ ಕೂಡ್ಲೆ ಗುಂಯ್ ಅಂತಿತ್ತು,
ರಿಪೇರಿಯವ ಮೂರು ಸಲ ಬಿಚ್ಚಿ
‘ಇದರ ಸ್ವಭಾವನೇ ಹಿಂಗ’ ಅಂದ.

ಒಂದಿನ ಮಾಲಕರು ಮಿಲ್ಲಿಗೆ ಕೀಲಿ ಹಾಕಿದ್ರು.
ಅವತ್ತು ಮೊದಲ ಸಲ
ನಮ್ಮನ್ನ ನಾವು ಕೇಳಿಸಿಕೊಂಡ್ವಿ.

ಖದೀರ ಓಡ್ಲತ್ತಾನ ಅಂದ್ಳು ವಿಮಲಾ.
ನೀವು ನಿಂತೀರಿ, ನಾ ಓಡ್ಲತ್ತಿಲ್ಲ ಅಂದ ಖದೀರ.
ನಾಕು ವರ್ಷ ತಾಳ ಹಿಡದದ್ದು ಮಿಲ್ಲು ಅಂತ
ನನಗ ಹೊಳೀತು. ಹೇಳಲಿಲ್ಲ.
ಬಸಲಿಂಗ ನೀರು ಕುಡದ, ಚಪ್ಪಲಿ ಮೆಟ್ಟಿದ,
ಜಗಳ ಆಡಿದ್ರ ಚೊಲೊ ಇತ್ತು.

ಆಂಪ್ ನಾಕು ತುಂಡು ಮಾಡಾಕ ಬರೂದಿಲ್ಲ.
ಟೆಂಟ್ ಹೌಸಿನವಗ ಮಾರಿ
ತಲಿಗೆ ಎರಡು ಸಾವಿರದ ನೂರಾ ಐವತ್ತು.
ಖದೀರ ತನ್ನ ಪಾಲು ಇನ್ನೂ ಒಯ್ದಿಲ್ಲ,
ನನ್ನ ಪೆಟ್ಟಿಗ್ಯಾಗ ಅದ, ಹಳೇ ನೋಟು, ಈಗ ನಡ್ಯೂದಿಲ್ಲ.

ಮೊನ್ನೆ ಸೇಡಂ ರೋಡಿನ ಫಂಕ್ಷನ್ ಹಾಲಿನ್ಯಾಗ
ಹುಗ್ಗಿ ಉಣ್ಣಾಕ ಕುಂತಿದ್ದೆ.
ಮೈಕಿನವ ಬಾಯಿ ತೆಗಿಯೂದಕ್ಕಿಂತ ಮೊದಲು
ಗುಂಯ್.
ಎಡಗೈ ತಾನೇ ತೊಡಿ ಮ್ಯಾಲ ಹೋಗಿ
ತಂತಿ ಹುಡುಕಿತು.

‘ಕೆಎ ಮೂವತ್ತೆರಡು, ಕಪ್ಪು ಸ್ಕೂಟರು,
ಗೇಟಿಗೆ ಅಡ್ಡ ನಿಂತದ. ಯಾರದ ನೋಡ್ರಿ, ಸರಸ್ರಿ.’

ನಂದೇ ಅದು.
ಎಲಿ ಬಿಟ್ಟು ಎದ್ದೆ.