ಹಸಿ ಸಿಮೆಂಟು

ನಾಪೋಕ್ಲಿನ ಪೂವಕ್ಕನ ಕಾಫಿ ಕಣಕ್ಕೆ
ಸಿಮೆಂಟು ಬಳಿದು ಕೈ ತೊಳೆಯುತ್ತಿದ್ದೆ.
ಜಗಲಿಯಲ್ಲಿ ಮೊಮ್ಮಗಳು ದೇಚು
ನಾಳೆಯ ಪರೀಕ್ಷೆಗೆ ಗಟ್ಟಿಯಾಗಿ ಓದುತ್ತಿದ್ದಳು:

ಆಕಾಶದಿಂದ ಬಿದ್ದ ಕಲ್ಲು,
ಹೆಚ್ಚುಕಮ್ಮಿ ಇಲ್ಲಿಂದ ಕಕ್ಕಬ್ಬೆಯಷ್ಟು ಅಗಲ.
ಅಲ್ಲ, ದಖ್ಖನ್ನಿನಲ್ಲಿ ನೆಲ ಬಿರಿದು
ಲಕ್ಷಾಂತರ ವರ್ಷ ಉಕ್ಕಿದ ಬೆಂಕಿಕೆಸರು.
ಅಲ್ಲ, ಎರಡೂ.
ಅಲ್ಲ, ಇಲಿಯಂಥವು ಮೊಟ್ಟೆ ಕದ್ದವು.
“ನಮ್ಮ ಮುಂಗುಸಿ ಹಾಗೆ,” ಎಂದರು ಪೂವಕ್ಕ,
ಕರಿಮೆಣಸು ಬಿಡಿಸುತ್ತ.

“ಇಲ್ಲಿ ಅಗೆದರೆ ಎಲುಬು ಸಿಕ್ಕೀತಾ?” ಕೇಳಿದೆ.
“ಇಲ್ಲ ಮೇಸ್ತ್ರಿ, ನಮ್ಮ ಕಲ್ಲು ಅವಕ್ಕಿಂತ ಹಳೇದು.”
ಇಪ್ಪತ್ತು ವರ್ಷ ಅದನ್ನೇ ಒಡೆದಿದ್ದೇನೆ,
ಒಂದು ದಿನವೂ ವಯಸ್ಸು ಹೇಳಲಿಲ್ಲ.

ಆ ಆಗಸ್ಟಿನಲ್ಲಿ ಬೆಟ್ಟ ಜಾರಿದಾಗಲೂ ಹೀಗೇ,
ಮಳೆ ಎಂದರು, ರಸ್ತೆ ಕೊರೆದದ್ದು ಎಂದರು,
ಮರ ಕಡಿದದ್ದು ಎಂದರು.
ಭಾವನ ಅಡುಗೆಮನೆ ಇದ್ದಲ್ಲಿ ಈಗ
ನುಣ್ಣನೆ ಕೆಮ್ಮಣ್ಣು.

ಅಷ್ಟರಲ್ಲಿ ಕರಿಕೋಳಿಯೊಂದು ತಡಿಕೆ ಹಾರಿ
ಕಣದ ಉದ್ದಕ್ಕೂ ನಡೆದೇ ಹೋಯಿತು,
ಮೂರು ಬೆರಳು, ಮೂರು ಬೆರಳು, ಮೂರು ಬೆರಳು.
“ಅಳಿಸಬೇಡಿ!” ದೇಚು ಪುಸ್ತಕ ಬಿಸಾಕಿ ಓಡಿಬಂದಳು.
“ಅಳಿಸು, ಬೀಜ ಸಿಕ್ಕಿಕೊಳ್ಳುತ್ತೆ,” ಎಂದರು ಪೂವಕ್ಕ.

ಕರಣೆ ಹಿಡಿದು ಕೂತಿದ್ದೇನೆ.
ಬಿಸಿಲು ಬಂತು. ಸಿಮೆಂಟು ಬಿಗಿಯುತ್ತಿದೆ.