ಎಷ್ಟನೆಯ ಆಜ್ಞೆ

ಶನಿವಾರ ಸಂಜೆ, ಹೊಳೆಬದಿಯ ಇಗರ್ಜಿ.
ಜಾಲರಿಯಾಚೆ ಗುರುಗಳ ಕೆಮ್ಮು.

"ಕುಡಿದದ್ದು ಎರಡು ಸಲ, ಫಾದರ್.
ಹೆಂಡತಿಗೆ ಬೈದದ್ದು ಲೆಕ್ಕ ಇಟ್ಟಿಲ್ಲ.
ಮತ್ತೆ... ಟ್ಯಾಂಕರು."

ಯಾವ ಟ್ಯಾಂಕರು?

"ರಾತ್ರಿ ಎರಡಕ್ಕೆ, ಕೂಳೂರು ಸೇತುವೆ ಕೆಳಗೆ
ದೀಪ ಆರಿಸಿ, ಪೈಪು ಬಿಚ್ಚಿ
ಫಲ್ಗುಣಿಗೆ ಬಿಟ್ಟೆ. ಧಣಿ ಹೇಳಿದ್ದು.
ಬೆಳಿಗ್ಗೆ ಕಾಣೆ ಮೀನು ಹೊಟ್ಟೆ ಮೇಲಾಗಿ ತೇಲುತ್ತಿತ್ತು.
ಮರುವಾಯಿ ಹೆಕ್ಕುವ ಗುಲಾಬಿಯಕ್ಕ
ಸೊಂಟದ ನೀರಲ್ಲಿ ಬರಿಬುಟ್ಟಿ ಹಿಡಿದು
ಸುಮ್ಮನೆ ನಿಂತಿದ್ದರು.
ಇದು ಎಷ್ಟನೆಯ ಆಜ್ಞೆಗೆ ಬರುತ್ತದೆ, ಫಾದರ್?
ಕೊಲ್ಲಬೇಡ ಅಂತಲಾ, ಕದಿಯಬೇಡ ಅಂತಲಾ?"

ಬಹಳ ಹೊತ್ತು ಫ್ಯಾನು ಮಾತ್ರ ಕಿರುಗುಟ್ಟಿತು.

ಕೊಟ್ಟ ಪ್ರಾಯಶ್ಚಿತ್ತ ಜಪಸರವಲ್ಲ:
ನಾಳೆ ಪೂಜೆ ಮುಗಿಸಿ, ಇಳಿತದ ಹೊತ್ತಿಗೆ ಹೊಳೆಗಿಳಿ.
ಆಕೆಯ ಬುಟ್ಟಿ ಹಿಡಿದುಕೋ.
ಕೇಳಿದರೆ ಸುಳ್ಳು ಹೇಳಬೇಡ.

ಬೋನಿಫಾಸ ಪ್ಯಾಂಟು ಮಡಚಿ ಇಳಿದ.
ಕೆಸರು ತಣ್ಣಗೆ ಬೆರಳ ಸಂದಿಗೆ ಬಂತು.
ತಡಕಿದ, ತಡಕಿದ.
ಸಿಕ್ಕಿದ್ದೆಲ್ಲ ಬಾಯಿ ತೆರೆದ ಚಿಪ್ಪು.

"ಎಂತ ಮಾರಾಯ," ಗುಲಾಬಿಯಕ್ಕ ನಕ್ಕರು,
"ಬೀಗದ ಕೈ ಬಿದ್ದು ಹೋಯಿತಾ?"

ಬೀಗದ ಕೈ ಕಿಸೆಯಲ್ಲೇ ಇತ್ತು,
ತೊಡೆಗೆ ಒತ್ತುತ್ತ.
ಅವನು ಬುಟ್ಟಿಗೆ ಕೈ ಚಾಚಿದ.
ಭರತ ಏರತೊಡಗಿತ್ತು.