ತೂಬು ಕಾಯುವವನು

ಮೂರು ಬೇಸಿಗೆಯ ಹಿಂದೆ, ಆಗಸ್ಟಿನ ನಡುಮಧ್ಯಾಹ್ನ
ಗೋರೆ ಹಿಡಿದ ಹಾಗೇ ಕುಸಿದ ಎರ್ಮೆಲಿಂದು,
ಎಳೆದಿಟ್ಟ ಉಪ್ಪಿನ ಗುಪ್ಪೆಯ ಮೇಲೆ, ಮಂಡಿಯೂರಿ,
ಏನೋ ಬಿದ್ದುಹೋಗಿದೆ, ಹುಡುಕುತ್ತಿದ್ದೇನೆ ಎಂಬಂತೆ.
ಪಕ್ಕದ ಗದ್ದೆಯ ಹುಡುಗ ಝೆಫರೀನು
ಎದೆ ಒತ್ತಿದ, ಒತ್ತಿದ, ಎರಡು ಪಕ್ಕೆಲುಬು ಮುರಿಯುವಷ್ಟು.
ನಾನು ಬುತ್ತಿ ಹಿಡಿದು ಬದುವಿನ ಮೇಲೆ ನಿಂತಿದ್ದೆ.
ಸಾರ್ಡೀನು ತಣ್ಣಗಾಗುತ್ತದಲ್ಲ ಅಂದುಕೊಂಡೆ.
ನಾಚಿಕೆಯಾಗುತ್ತದೆ. ಆದರೂ ಅದನ್ನೇ ಅಂದುಕೊಂಡೆ.

ಹೆಗಲೆಲುಬಿನ ಕೆಳಗೆ ಡಬ್ಬಿ ಇಟ್ಟು ಹೊಲಿದರು.
ನವೆಂಬರಿನಲ್ಲಿ ಒಂದೇ ರಾತ್ರಿ ಮೂರು ಸಲ
ಒಳಗಿನಿಂದ ಕತ್ತೆ ಒದ್ದಂತೆ ಒದ್ದಿತು ಅದು.
ಬದುಕಿಸಿತು, ನಿಜ.
ಆಮೇಲೆ ಅವನು ಮಲಗುವುದಕ್ಕೇ ಹೆದರಿದ.

ಅವೈರುವಿನ ಆಸ್ಪತ್ರೆಯಲ್ಲಿ ಡಾಕ್ಟರ್ ಕಿತೇರಿಯ
ಉದ್ದನೆಯ ಕಾಗದದ ಪಟ್ಟಿ ಹಾಸಿ ತೋರಿಸಿದಳು:
ಬೆಟ್ಟ, ಕಣಿವೆ, ಬೆಟ್ಟ, ಇದ್ದಕ್ಕಿದ್ದಂತೆ ಬರೀ ಗೀಚು,
ಹೆದರಿದ ಕೋಳಿ ಕೆದರಿದ ಮಣ್ಣು.
"ಇಲ್ಲಿ ನಿನ್ನ ಗುಂಡಿಗೆ ಬಡಿಯುತ್ತಿಲ್ಲ, ನಡುಗುತ್ತಿದೆ."
ಆಮೇಲೆ ಅವನಿಗೆ ತಿಳಿಯುವ ಮಾತಿಗೆ ಇಳಿದಳು.
"ಗುಂಡಿಗೆಯೂ ಉಪ್ಪಿನ ಆಗರವೇ, ಮಾರಾಯ.
ಸೋಡಿಯಂ ಒಳಗೆ ಬರಲು ಒಂದು ತೂಬು,
ಪೊಟ್ಯಾಸಿಯಂ ಹೊರಗೆ ಹೋಗಲು ಇನ್ನೊಂದು.
ಹೊತ್ತಿಗೆ ಸರಿಯಾಗಿ ತೆರೆದು ಮುಚ್ಚಿದರೆ ಒಂದು ಬಡಿತ.
ನಿನ್ನ ತೂಬುಗಳಿಗೆ ಹೊತ್ತುಗೊತ್ತಿಲ್ಲ.
ಈ ಮಾತ್ರೆ ಹಲಗೆ ಇಳಿಸಿ ಚೂರು ತಡೆಯುತ್ತದೆ.
ಒದೆಯುವುದು ಡಬ್ಬಿಯ ಕೆಲಸ,
ಒದೆಯುವ ಹೊತ್ತು ಬಾರದಂತೆ ನೋಡಿಕೊಳ್ಳುವುದು ಇದರದ್ದು."

ನಲವತ್ತು ವರ್ಷ ತೂಬು ಕಾದವನು
ಅವತ್ತು ಮೊದಲ ಸಲ ತಲೆಯಾಡಿಸಿದ.
"ಕಡಲನ್ನು ಅವಸರದಲ್ಲಿ ಒಳಗೆ ಬಿಟ್ಟರೆ
ಉಪ್ಪು ಹರಳುಗಟ್ಟುವುದಿಲ್ಲ."
"ಅದೇ," ಎಂದಳು ಆಕೆ.
ಇಬ್ಬರೂ ನನ್ನನ್ನು ಮರೆತಿದ್ದರು.

ಮೊದಲ ವಾರ ದಿನಕ್ಕೆ ಮೂರು, ಮರುವಾರ ಎರಡು,
ಅಲ್ಲಿಂದ ಒಂದು. ಒದೆತ ನಿಂತಿತು.
ಮಾತ್ರೆಯ ಜತೆ ಬಂದ ಕಾಗದ ಬಿಡಿಸಿದರೆ
ನಮ್ಮ ಊಟದ ಮೇಜಿಗೆ ಸಾಲದು:
ಥೈರಾಯ್ಡು, ಯಕೃತ್ತು, ಶ್ವಾಸಕೋಶ,
ಆರು ತಿಂಗಳಿಗೊಮ್ಮೆ ರಕ್ತ ಕೊಡಬೇಕು.
ಕೊನೆಗೊಂದು ಸಾಲು, ಬಿಸಿಲಿಗೆ ಹೋಗಬಾರದು.
ಅವನು ಜೋರಾಗಿ ನಕ್ಕ.
ಉಪ್ಪಿನವನಿಗೆ ಬಿಸಿಲು ಬಿಡು ಅನ್ನುವುದೆಂದರೆ
ಮೀನಿಗೆ ಸ್ವಲ್ಪ ದಿನ ದಡದಲ್ಲಿರು ಅಂದಂತೆ.

ಹೋದ, ಬಿಸಿಲಿಗೇ ಹೋದ. ಟೋಪಿಯನ್ನೂ ಹಾಕದೆ.
ಈಗ ಮೂಗು, ಕೆನ್ನೆ, ಕಿವಿಯ ಅಂಚು
ಅಳಿಸಿದ ಸ್ಲೇಟಿನ ಬಣ್ಣ.
ಮೀನುಪೇಟೆಯಲ್ಲಿ ಒಂದು ಮಗು ಬೆರಳು ತೋರಿಸಿತು.
ಮಾತ್ರೆ ಬಿಟ್ಟರೆ ಬಣ್ಣ ಹೋದೀತೇ ಎಂದು
ಅವನಿಗೆ ತಿಳಿಯದಂತೆ ಫೋನಿನಲ್ಲಿ ಕೇಳಿದೆ.
"ಬಿಟ್ಟರೂ ತಿಂಗಳುಗಟ್ಟಲೆ ಮೈಯಲ್ಲೇ ಕೂತಿರುತ್ತದೆ.
ಬಿಡಿಸಬೇಡ."
ಗೊತ್ತು. ನಮ್ಮ ಉಗ್ರಾಣದ ಗೋಡೆಯ ಹಲಗೆ ನೆಕ್ಕಿದರೆ
ಅವನ ಅಜ್ಜ ಸುರಿದ ಉಪ್ಪು ಇನ್ನೂ ನಾಲಿಗೆಗೆ ಹತ್ತುತ್ತದೆ.
ಉಪ್ಪಿನ ಋಣ ಅಷ್ಟು ಬೇಗ ತೀರುವುದಿಲ್ಲ.

ಈ ವರ್ಷ ಅವನು ರಾತ್ರಿಗೆ ಇಳಿದಿದ್ದಾನೆ.
ಉಬ್ಬರ ಏರುವ ಹೊತ್ತಿಗೆ ಹಲಗೆ ಎತ್ತುತ್ತಾನೆ.
ನಾನು ಲಾಂದ್ರ ಹಿಡಿಯುತ್ತೇನೆ.
"ದೀಪದ ಸುತ್ತ ನೀಲಿ ಬಳೆ ಕಾಣುತ್ತದೆ ಕಣೇ,
ಊರಿನ ಬೀದಿದೀಪಗಳೆಲ್ಲ ಸಂತರಾಗಿಬಿಟ್ಟಿವೆ."
ಅದೂ ಮಾತ್ರೆಯದೇ. ಕಾಗದದಲ್ಲಿ ಬರೆದಿದೆ.
ನಾನು ಹೇಳಲಿಲ್ಲ.

ಬದುವಿನ ಮೇಲೆ ಕೂತು ಮಣಿಕಟ್ಟು ಹಿಡಿದು ಎಣಿಸಿದೆ.
ಐವತ್ತೆಂಟು.
ಐವತ್ತೊಂಬತ್ತಿರಬಹುದು, ನಡುವೆ ಒಮ್ಮೆ ಕೆಮ್ಮಿದ.
ಒಣ ಕೆಮ್ಮು.
ನೋಟುಬುಕ್ಕಿನಲ್ಲಿ ಬಡಿತದ ಪಕ್ಕ
ಅದನ್ನೂ ಬರೆದುಕೊಂಡೆ, ತಾರೀಖು ಹಾಕಿ.